ಬಸ್ಸು ಕಲಬುರಗಿದು, ಕರೆಂಟು ಹುಬ್ಬಳ್ಳಿದು

"ಸರ, ನಮ್ಮ ಬಸ್ಸಿನ ಮ್ಯಾಲ ಕಲ್ಯಾಣ ಕರ್ನಾಟಕ ಅಂತ ಬರದೈತಿ. ಹಂಗಾದ್ರ ನಮಗೂ 371ಜೆ ಬರತೈತೇನ್ರೀ?"

ಸಿಂದಗಿ ಕಡೆಯ ಹತ್ತನೇ ತರಗತಿ ಹುಡುಗನೊಬ್ಬನ ಪ್ರಶ್ನೆ ಇದು. ಶಾಲೆಯಲ್ಲಿ ಕೊಟ್ಟ ಹೋಮ್‌ವರ್ಕ್ ಇಷ್ಟೇ: 371ಜೆ ವಿಧಿಯ ಬಗ್ಗೆ ಟಿಪ್ಪಣಿ ಬರೆಯಿರಿ. ಗೈಡಿನಲ್ಲಿ ನಾಲ್ಕು ಸಾಲಿನ ಉತ್ತರ ಸಿದ್ಧವಾಗಿಯೇ ಇರುತ್ತದೆ, ಅದನ್ನು ಅವನು ನೀಟಾಗಿ ಇಳಿಸಿಕೊಂಡೂ ಆಗಿತ್ತು. ಪ್ರಶ್ನೆ ಹುಟ್ಟಿದ್ದು ಆಮೇಲೆ, ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಮಕ್ಕಳು ನನಗೆ ಹೋಮ್‌ವರ್ಕಿನ ಫೋಟೊ ಕಳಿಸುತ್ತಾರೆ. ರಾತ್ರಿ ಊಟವಾದ ಮೇಲೆ ವಾಟ್ಸ್‌ಆ್ಯಪ್ ಟಿಣ್ ಎನ್ನುತ್ತದೆ. ಕೆಳಗೆ "ನಾಳೆ ತೋರಸಬೇಕ್ರಿ" ಎಂಬ ಒಕ್ಕಣೆ. ಹೆಚ್ಚಿನವು ಸರ್ಕಾರ, ಕಾನೂನು, ನೀತಿ, ಇಲ್ಲವೇ ಸಂಖ್ಯಾಶಾಸ್ತ್ರದ ಪ್ರಶ್ನೆಗಳು. ವಿಜ್ಞಾನಕ್ಕೆ ಟ್ಯೂಷನ್ ಇದೆ, ಇಂಗ್ಲಿಷಿಗೂ ಇದೆ. ಸರ್ಕಾರ, ಕಾನೂನಿನಂಥ ಪಾಠಗಳನ್ನು ಬಾಯಿಪಾಠ ಮಾಡಿದರೆ ಸಾಕು ಎಂದು ಎಲ್ಲರೂ ಒಪ್ಪಿಬಿಟ್ಟಿರುವುದರಿಂದ ಹೇಳಿಕೊಡುವವರು ಕಡಿಮೆ. ನಾನು ಉತ್ತರ ಬರೆದು ಕೊಡುವುದಿಲ್ಲ ಎನ್ನುವುದು ಈಗ ಅವರಿಗೂ ಗೊತ್ತು. "ಇದನ್ನು ನಿಮ್ಮೂರಿಗೆ ಹಚ್ಚಿ ನೋಡು, ಕೂಡುತ್ತದೋ ಇಲ್ಲವೋ ಹೇಳು" ಎನ್ನುತ್ತೇನೆ. ಬಸ್ಸಿನ ಹುಡುಗ ಹೇಳಿಸಿಕೊಳ್ಳದೆಯೇ ಅದನ್ನು ಮಾಡಿದ್ದ. ಹಾಗಾಗಿ ಅವನ ಪ್ರಶ್ನೆಗೆ ತುಸು ಉದ್ದಕ್ಕೇ ಉತ್ತರಿಸುತ್ತೇನೆ.

ಇಲ್ಲ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಮೀಸಲು ಕೊಡುವ 371ಜೆ ವಿಧಿ ನಮ್ಮ ವಿಜಯಪುರ ಜಿಲ್ಲೆಗೆ ಅನ್ವಯಿಸುವುದಿಲ್ಲ. ಬಸ್ಸಿನ ಮೇಲೆ ಆ ಹೆಸರಿರುವುದು ನಿಜ. ಸಾರಿಗೆ ಸಂಸ್ಥೆ ಒಡೆದು ಬೇರೆ ಬೇರೆ ನಿಗಮಗಳಾದಾಗ ನಮ್ಮ ಜಿಲ್ಲೆ ಕಲಬುರಗಿಯ ಈಶಾನ್ಯ ನಿಗಮದ ಪಾಲಿಗೆ ಬಂತು. 2021ರಲ್ಲಿ ಆ ನಿಗಮಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಭಾಗಕ್ಕೆ ಕಿತ್ತೂರು ಕರ್ನಾಟಕ ಎಂದು ಹೆಸರಿಟ್ಟರು. ಹೀಗಾಗಿ ಸಿಂದಗಿಯ ಹುಡುಗ ಕಿತ್ತೂರು ಕರ್ನಾಟಕದಲ್ಲಿ ನಿಂತು ಕಲ್ಯಾಣ ಕರ್ನಾಟಕದ ಬಸ್ಸು ಹತ್ತುತ್ತಾನೆ. ಇಲ್ಲಿಗೇ ಮುಗಿಯಲಿಲ್ಲ. ಮನೆಯ ಕರೆಂಟು ಬಿಲ್ಲು ಹುಬ್ಬಳ್ಳಿಯ ಹೆಸ್ಕಾಂನದು. ಕಂದಾಯದ ಪ್ರಾದೇಶಿಕ ಆಯುಕ್ತರು ಬೆಳಗಾವಿಯಲ್ಲಿ, ಪೊಲೀಸರ ಉತ್ತರ ವಲಯದ ಐಜಿಪಿ ಕೂಡ ಬೆಳಗಾವಿಯಲ್ಲಿ. ಶಾಲಾ ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿ ಧಾರವಾಡದಲ್ಲಿ. ಡಿಗ್ರಿಗೆ ಸೇರಿದರೆ ವಿಶ್ವವಿದ್ಯಾಲಯ ಬೆಳಗಾವಿಯ ರಾಣಿ ಚನ್ನಮ್ಮ. ಆದರೆ ಹೊಲದ ವ್ಯಾಜ್ಯ ಹೈಕೋರ್ಟಿಗೆ ಹೋದರೆ ಮತ್ತೆ ಕಲಬುರಗಿ ಪೀಠಕ್ಕೇ ಹೋಗಬೇಕು. ಒಂದೇ ಮನೆ, ಒಂದೊಂದು ಕೆಲಸಕ್ಕೆ ಒಂದೊಂದು ದಿಕ್ಕು.

ಇದನ್ನೆಲ್ಲ ಹುಡುಗನಿಗೆ ಹೇಳಿದಾಗ ಅವನು ತಮಾಷೆಗೆ, "ಸರ, ಹಂಗಾದ್ರ ನಾವು ಯಾರ ಪೈಕಿ?" ಎಂದ. ಪ್ರಶ್ನೆ ತಮಾಷೆಯದಲ್ಲ. ಪೌರನೀತಿಯ ಪುಸ್ತಕದಲ್ಲಿ ಸರ್ಕಾರ ಎಂದರೆ ಮೇಲಿನಿಂದ ಕೆಳಗೆ ಇಳಿಯುವ ಒಂದೇ ಏಣಿ: ಕೇಂದ್ರ, ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ. ವಾಸ್ತವದಲ್ಲಿ ಪ್ರತಿ ಇಲಾಖೆ ತನ್ನದೇ ನಕ್ಷೆ ಹಾಸಿಕೊಂಡು ಕೂತಿದೆ, ಒಂದು ನಕ್ಷೆಯ ಗೆರೆ ಇನ್ನೊಂದರ ಗೆರೆಗೆ ಕೂಡುವುದಿಲ್ಲ. ವ್ಯಾಪ್ತಿ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

371ಜೆಯ ಗೆರೆ ಇನ್ನೂ ಹಳೆಯದು. ಆ ವಿಧಿಯನ್ನು ತಂದ ಸಂವಿಧಾನದ 98ನೇ ತಿದ್ದುಪಡಿ ಜಾರಿಯಾದದ್ದು 2013ರಲ್ಲಿ. ನಮ್ಮ ಕಡೆಯ ಗೆರೆ ಮಾತ್ರ ನಿಜಾಮನ ಕಾಲದ್ದು. ಬೀದರ್, ಕಲಬುರಗಿ, ರಾಯಚೂರು ಕಡೆಯ ನಾಡು ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಮ್ಮ ಬಿಜಾಪುರ (ಇಂದಿನ ವಿಜಯಪುರ), ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿದ್ದವು. 1956ರ ನವೆಂಬರ್ 1ರಂದು ಎಲ್ಲವೂ ಒಂದೇ ರಾಜ್ಯಕ್ಕೆ ಸೇರಿದವು. ಸಂಸ್ಥಾನ ಹೋಯಿತು, ಗೆರೆ ಉಳಿಯಿತು. ಅದರ ಆಚೆ ಜೇವರ್ಗಿಯ ಹುಡುಗನಿಗೆ ಅವನ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಮೀಸಲು. ಈಚೆ ಸಿಂದಗಿಯ ಹುಡುಗನಿಗೆ ಅದಿಲ್ಲ. ಎರಡೂ ಊರಲ್ಲಿ ತೊಗರಿ, ಜೋಳ ಬೆಳೆಯುತ್ತಾರೆ. ಮಳೆ ಕೈಕೊಟ್ಟರೆ ಎರಡೂ ಕಡೆಯವರು ಗುಳೆ ಹೋಗುತ್ತಾರೆ. (ಹೆತ್ತವರ ಮೂಲ ಆಚೆ ಕಡೆಯದಾಗಿದ್ದರೆ ಲೆಕ್ಕ ಬೇರೆಯಾಗಬಹುದು, ಅದನ್ನು ಆಚೆಯ ಸಹಾಯಕ ಆಯುಕ್ತರ ಕಚೇರಿಯಲ್ಲಿ ವಿಚಾರಿಸಬೇಕು, ನನ್ನನ್ನಲ್ಲ.)

ಹಾಗಾದರೆ ನಾವು ಹಿಂದುಳಿದವರಲ್ಲವೇ? ಇಲ್ಲಿ ಹುಡುಗನ ಪ್ರಶ್ನೆ ಸರ್ಕಾರದ ಪಾಠ ಬಿಟ್ಟು ಸಂಖ್ಯಾಶಾಸ್ತ್ರಕ್ಕೆ ಹೊರಳುತ್ತದೆ. ಪ್ರೊ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅದು ಯಾವ ರಾಜನ ಗಡಿಯನ್ನೂ ನೋಡಲಿಲ್ಲ, ತಾಲ್ಲೂಕು ತಾಲ್ಲೂಕಾಗಿ ಅಳೆಯಿತು. ಕೃಷಿ, ಉದ್ಯಮ, ರಸ್ತೆ, ಶಾಲೆ, ಆಸ್ಪತ್ರೆ ಎಂದು 35 ಸೂಚಕ ಹಿಡಿದು, ಅವನ್ನೆಲ್ಲ ಒಂದು ಸೂಚ್ಯಂಕಕ್ಕೆ ಇಳಿಸಿ, ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಆ ಒಂದರ ಕೆಳಗೆ ಬಿದ್ದವು. ನಮ್ಮ ನಾಲ್ಕೂ ಅದರಲ್ಲಿದ್ದವು. ಅಂದರೆ ಅಂಕಿ ನಮ್ಮನ್ನು ಹಿಂದುಳಿದವರೆಂದಿತು, ಇತಿಹಾಸ ನಮ್ಮನ್ನು ಗೆರೆಯ ಈಚೆ ಬಿಟ್ಟಿತು. ಯಾವುದು ಸರಿ ಎಂದು ಹುಡುಗ ಕೇಳಿದರೆ ನಾನು ಅಂಕಿಯ ಪರ. ಆಚೆಯವರಿಗೆ ಸಿಕ್ಕದ್ದು ತಪ್ಪಲ್ಲ, ದಶಕಗಟ್ಟಲೆ ಹೋರಾಡಿ ಪಡೆದದ್ದು. ಆದರೆ ಹಿಂದುಳಿದಿರುವಿಕೆಯನ್ನು ಅಳೆಯುವ ವಿಧಾನ ಕೈಯಲ್ಲಿರುವಾಗ ಹಳೆಯ ಗಡಿಕಲ್ಲು ನೋಡಿ ಹಂಚುವುದು ಸರಿಯೆನಿಸುವುದಿಲ್ಲ. ಇದು ನನ್ನ ಅಭಿಪ್ರಾಯ, ಪರೀಕ್ಷೆಯಲ್ಲಿ ಬರೆಯಬೇಡಿ.

ಸರಾಸರಿಯ ಮಾತು ಬಂದದ್ದರಿಂದ ಮುದ್ದೇಬಿಹಾಳದ ಹುಡುಗಿಯೊಬ್ಬಳ ಕಡೆಗೆ ಬರುತ್ತೇನೆ. ಸರಾಸರಿ, ಮಧ್ಯಾಂಕ, ರೂಢಿಬೆಲೆ ಮೂರನ್ನೂ ಅವಳು ಸೂತ್ರ ಹಾಕಿ ಸರಿಯಾಗಿಯೇ ಬಿಡಿಸಿದ್ದಳು. ಕೊನೆಗೆ ಒಂದು ಸಾಲು: "ಮೂರೂ ನಡುವಿಂದಾ ತೋರಸ್ತಾವ ಅಂದ್ರ ಮೂರ್ಯಾಕ್ ಬೇಕ್ರಿ? ಒಂದ್ ಸಾಲದೇನು?" ಅವಳಿಗೆ ಒಂದು ಕಲ್ಪಿತ ಓಣಿ ಕೊಟ್ಟೆ. ಐದು ಮನೆ; ಹೊಲ 2, 2, 3, 4 ಮತ್ತು 39 ಎಕರೆ. ಒಟ್ಟು 50, ಸರಾಸರಿ 10 ಎಕರೆ. ಓಣಿಯಲ್ಲಿ ಹತ್ತು ಎಕರೆ ಇರುವವರು ಒಬ್ಬರನ್ನು ತೋರಿಸು ಎಂದೆ. ಯಾರೂ ಇಲ್ಲ. ನಾಲ್ಕು ಮನೆ ಅದರ ಅರ್ಧಕ್ಕೂ ಬಂದಿಲ್ಲ. ಮಧ್ಯಾಂಕ 3, ರೂಢಿಬೆಲೆ 2. ಈಗ 39 ಎಕರೆಯ ಗೌಡರು ಇನ್ನೂ ಐವತ್ತು ಎಕರೆ ಕೊಂಡರೆ ಸರಾಸರಿ ಒಮ್ಮೆಲೇ 20ಕ್ಕೆ ಏರುತ್ತದೆ. ಮಧ್ಯಾಂಕ ಕದಲುವುದಿಲ್ಲ. ಓಣಿ ಶ್ರೀಮಂತವಾಯಿತು ಎಂದು ಹೇಳಬೇಕಾದ ಅಧಿಕಾರಿ ಸರಾಸರಿಯನ್ನು ಹಿಡಿಯುತ್ತಾನೆ, ಆಗಿಲ್ಲ ಎನ್ನುವವನು ಮಧ್ಯಾಂಕವನ್ನು ಹಿಡಿಯುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅದಕ್ಕೇ ಮೂರು ಬೇಕು.

ಹುಡುಗಿ ಅಲ್ಲಿಗೆ ಬಿಡಲಿಲ್ಲ. ಪುಸ್ತಕದಲ್ಲಿ ಮೂರನ್ನೂ ಜೋಡಿಸುವ ಒಂದು ಸಂಬಂಧವಿದೆ: ಮಧ್ಯಾಂಕದ ಮೂರು ಪಟ್ಟು ಎಂದರೆ ರೂಢಿಬೆಲೆಗೆ ಸರಾಸರಿಯ ಎರಡು ಪಟ್ಟು ಕೂಡಿಸಿದಷ್ಟು. ಅದನ್ನು ನನ್ನ ಓಣಿಗೆ ಹಚ್ಚಿ ನೋಡಿದ್ದಾಳೆ. ಒಂದು ಕಡೆ 9, ಇನ್ನೊಂದು ಕಡೆ 22. "ಸೂತ್ರ ತಪ್ಪೈತ್ರಿ" ಎಂದು ಬರೆದು ಮುಂದೆ ಒಂದು ನಗುವ ಮುಖ. ಸೂತ್ರ ತಪ್ಪಲ್ಲ, ಅದು ಅನುಭವದಿಂದ ಕಂಡುಕೊಂಡ ಅಂದಾಜು. ಅಂಕಿಗಳು ತೀರ ಒಂದೇ ಕಡೆಗೆ ವಾಲಿರದಿದ್ದಾಗ ಸುಮಾರಾಗಿ ಹೊಂದುತ್ತದೆ, ಐದು ಮನೆಯ ವಾಲಿದ ಓಣಿಯಲ್ಲಿ ಹೊಂದುವುದಿಲ್ಲ. ಪರೀಕ್ಷೆಯಲ್ಲಿ ಎರಡು ಕೊಟ್ಟು ಮೂರನೆಯದು ಕೇಳಿದರೆ ಆ ಸೂತ್ರವನ್ನೇ ಹಾಕು ಎಂದೆ. ಓಣಿಯಲ್ಲಿ ಹಾಕಬೇಡ ಎಂದೂ ಹೇಳಿದೆ.

ಹೀಗೇ ಜಿಲ್ಲೆಯ ಸಾಕ್ಷರತೆ. 2011ರ ಜನಗಣತಿಯಲ್ಲಿ ಏಳು ವರ್ಷ ದಾಟಿದವರ ಪೈಕಿ ನಮ್ಮ ಜಿಲ್ಲೆಯಲ್ಲಿ ಸುಮಾರು ಶೇ 67 ಮಂದಿಗೆ ಓದು ಬರಹ ಬರುತ್ತಿತ್ತು. ಪ್ರಬಂಧಗಳಲ್ಲಿ ಮಕ್ಕಳು ಬರೆಯುವುದು ಈ 67ನ್ನೇ. ಅದನ್ನು ಒಡೆದರೆ ಗಂಡಸರದು 77ರ ಆಸುಪಾಸು, ಹೆಂಗಸರದು 57. ನಡುವೆ ಇಪ್ಪತ್ತು ಅಂಕದ ಕಂದಕ, ಅದನ್ನು 67 ಮುಚ್ಚಿಬಿಡುತ್ತದೆ. ಮತ್ತೆ, ಅದು 2011ರ ಅಂಕಿ. 2021ರ ಗಣತಿ ನಡೆಯಲೇ ಇಲ್ಲ, ಮುಂದಿನದಕ್ಕೆ 2027ರ ಮಾರ್ಚ್ 1 ಎಂದು ಗೊತ್ತುಮಾಡಿದ್ದಾರೆ. ಅಂಕಿ ಬರೆದಾಗ ವರ್ಷ ಬರೆಯದಿದ್ದರೆ ಅರ್ಧ ಉತ್ತರ. ಜಿಲ್ಲೆಯಲ್ಲಿ ಎಷ್ಟು ತಾಲ್ಲೂಕು ಎಂಬುದಕ್ಕೂ ಇದೇ ಮಾತು. ಹಳೆಯ ಗೈಡುಗಳು ಐದು ಎನ್ನುತ್ತವೆ. ಇಂಡಿಯಿಂದ ಚಡಚಣ, ಸಿಂದಗಿಯಿಂದ ಆಲಮೇಲ, ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ, ವಿಜಯಪುರದಿಂದ ತಿಕೋಟಾ, ಬಬಲೇಶ್ವರ ಬೇರೆಯಾಗಿ ಈಗ ಹದಿಮೂರು.

ಕಾನೂನಿನ ಪ್ರಶ್ನೆಗಳಲ್ಲಿ ಹೆಚ್ಚು ಬರುವುದು ಮದುವೆಯ ವಯಸ್ಸಿನದು. ಹೆಣ್ಣಿಗೆ 18 ಎನ್ನುತ್ತದೆ ಪುಸ್ತಕ, 21 ಆಗಿದೆ ಎನ್ನುತ್ತದೆ ಮೊಬೈಲು. ಹದಿನೆಂಟೇ. ಇಪ್ಪತ್ತೊಂದಕ್ಕೆ ಏರಿಸುವ ಮಸೂದೆಯನ್ನು 2021ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿ ಸ್ಥಾಯಿ ಸಮಿತಿಗೆ ಕಳಿಸಿದರು. 2024ರಲ್ಲಿ ಆ ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು. ಪತ್ರಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಬಂದದ್ದು ಮಂಡನೆ. ಬಿದ್ದದ್ದು ಯಾರಿಗೂ ಸುದ್ದಿಯಾಗಲಿಲ್ಲ. ಮಸೂದೆ ಬೇರೆ, ಕಾಯಿದೆ ಬೇರೆ ಎಂಬುದನ್ನು ಮಕ್ಕಳಿಗೆ ತಿಳಿಸಲು ನಾನು ಇದನ್ನೇ ಹೇಳುವುದು. ನಮ್ಮ ರಾಜ್ಯ ಇನ್ನೊಂದು ಹೆಜ್ಜೆ ಮುಂದಿದೆ ಎನ್ನುವುದನ್ನೂ ಸೇರಿಸುತ್ತೇನೆ. ಕೇಂದ್ರದ 2006ರ ಕಾಯಿದೆಯಲ್ಲಿ ಬಾಲ್ಯವಿವಾಹವನ್ನು ರದ್ದು ಮಾಡಿಸಿಕೊಳ್ಳಲು ಕೋರ್ಟಿಗೆ ಹೋಗಬೇಕು. ಕರ್ನಾಟಕ ತಂದ ತಿದ್ದುಪಡಿಯಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು.

ನಿಯಮ ಹೇಳುವ ಪುಸ್ತಕಗಳು ಹೊರತುಗಳನ್ನು ಹೇಳುವುದಿಲ್ಲ, ಅದೊಂದು ತಕರಾರು ನನ್ನದು. ಶಾಸಕ ಸ್ಥಾನ ತೆರವಾದರೆ ಆರು ತಿಂಗಳೊಳಗೆ ಉಪಚುನಾವಣೆ ಎಂದು ಓದಿದ ಸಿಂದಗಿಯ ಮಕ್ಕಳು ಬೆರಳೆಣಿಸಿ ನೋಡಲಿ. ಅಲ್ಲಿಯ ಶಾಸಕ ಎಂ.ಸಿ. ಮನಗೂಳಿಯವರು ತೀರಿಕೊಂಡದ್ದು 2021ರ ಜನವರಿಯಲ್ಲಿ, ಮತದಾನ ನಡೆದದ್ದು ಅಕ್ಟೋಬರ್ 30ಕ್ಕೆ. ಒಂಬತ್ತು ತಿಂಗಳು. ಕಾನೂನು ಮುರಿದರೇ? ಇಲ್ಲ, ಆರು ತಿಂಗಳಲ್ಲಿ ನಡೆಸುವುದು ಕಷ್ಟವೆಂದು ಚುನಾವಣಾ ಆಯೋಗ ಕೇಂದ್ರ ಸರ್ಕಾರದೊಡನೆ ಸಮಾಲೋಚಿಸಿ ದೃಢಪಡಿಸಿದರೆ ಮುಂದೂಡಬಹುದು ಎಂದು ಪ್ರಜಾಪ್ರತಿನಿಧಿ ಕಾಯಿದೆಯ 151ಎ ಕಲಮಿನಲ್ಲೇ ಇದೆ. ಅದು ಕೊರೊನಾ ಎರಡನೇ ಅಲೆಯ ವರ್ಷ.

ಇಂಡಿಯ ಹುಡುಗನೊಬ್ಬ ಲಿಂಬೆಯ ಬಗ್ಗೆ ಕೇಳಿದ್ದ. ಇಂಡಿ ಲಿಂಬೆಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಿ) ಮಾನ್ಯತೆ ಸಿಕ್ಕಿದೆಯಲ್ಲ, ಬೇರೆ ಕಡೆಯ ಕಾಯನ್ನು ಯಾರಾದರೂ ಇಂಡಿ ಲಿಂಬೆ ಅಂತ ಮಾರಿದರೆ ಜೈಲಿಗೆ ಹಾಕಬಹುದೇ? ಹಾಕಬಹುದು. 1999ರ ಜಿಐ ಕಾಯಿದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಆದರೆ ನಿಮ್ಮಪ್ಪ ಆ ಗುರುತನ್ನು ಬಳಸಬೇಕಾದರೆ ಅವರೂ ಅಧಿಕೃತ ಬಳಕೆದಾರರೆಂದು ನೋಂದಣಿ ಮಾಡಿಸಿರಬೇಕು ಎಂದೆ. ಮಾನ್ಯತೆ ಬಂದ ದಿನ ಪಟಾಕಿ ಹೊಡೆದವರಲ್ಲಿ ಎಷ್ಟು ಜನ ಆ ಫಾರ್ಮು ತುಂಬಿದ್ದಾರೆ ಎಂದು ವಿಚಾರಿಸಿದರೆ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಲಿಂಬೆ ಅಭಿವೃದ್ಧಿ ಮಂಡಳಿ ಅವನ ಊರಲ್ಲೇ ಇದೆ.

ನೀತಿಯ ಪ್ರಶ್ನೆಗೆ ಬಂದರೆ ನನ್ನ ಬಾಯಿ ಕಟ್ಟುತ್ತದೆ. ಬಸವನ ಬಾಗೇವಾಡಿಯ ಮಕ್ಕಳಿಗೆ ಇದು ಸುಲಭದ ವಿಷಯ ಎಂದು ಮೇಷ್ಟ್ರುಗಳು ತಿಳಿದಿರುತ್ತಾರೆ. ಬಸವಣ್ಣ ಹುಟ್ಟಿದ ಊರು. ಪ್ರಾಮಾಣಿಕತೆ ಎಂದರೇನು ಎಂದು ಕೇಳಿದರೆ ಏಳು ಬೇಡಗಳ ವಚನ ಬರೆದು ಮುಗಿಸುತ್ತಾರೆ. ಅಲ್ಲಿಯ ಹುಡುಗಿಯೊಬ್ಬಳು ವಚನ ಬರೆದ ಮೇಲೆ ನನಗೆ ಕೇಳಿದ್ದು ಹೀಗೆ: "ಪರೀಕ್ಷಾ ಕೋಣ್ಯಾಗ ಕ್ಯಾಮೆರಾ ಐತಿ ಅಂತ ಕಾಪಿ ಹೊಡಿಲಿಲ್ಲ ಅಂದ್ರ ಅದು ಪ್ರಾಮಾಣಿಕತಿ ಆಗತೈತೇನ್ರಿ?"

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂದದ್ದು 2024ರಲ್ಲಿ. ಹಿಂದಿನ ವರ್ಷ ರಾಜ್ಯದ ಫಲಿತಾಂಶ ಶೇ 83.89 ಇತ್ತು, ಆ ವರ್ಷ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಕೃಪಾಂಕಕ್ಕೆ ಬೇಕಾದ ಕನಿಷ್ಠ ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆ. ಇಳಿದದ್ದಕ್ಕೆಲ್ಲ ಕ್ಯಾಮೆರಾವೇ ಕಾರಣ ಎನ್ನಲು ಸಂಖ್ಯಾಶಾಸ್ತ್ರ ಒಪ್ಪುವುದಿಲ್ಲ. ಮಕ್ಕಳು ಬೇರೆ, ಪ್ರಶ್ನೆಪತ್ರಿಕೆ ಬೇರೆ; ಹೆದರಿಕೆಯಿಂದ ಕೈ ನಡುಗಿದವರೂ ಇದ್ದಾರು. ಆದರೂ ಏನೂ ಸಂಬಂಧವಿಲ್ಲ ಎಂದು ಎದೆ ತಟ್ಟಿ ಹೇಳುವ ಹೆಡ್‌ಮಾಸ್ತರರು ಯಾರೂ ನನಗೆ ಸಿಕ್ಕಿಲ್ಲ.

ಹುಡುಗಿಗೆ ನಾನು ಹೇಳಿದ್ದು: ಕಾನೂನಿನ ಕಣ್ಣಿಗೆ ನೀನು ಸರಿ, ಅದಕ್ಕೆ ನಿನ್ನ ಮನಸ್ಸಿನೊಳಗಿನ ಕಾರಣ ಬೇಕಿಲ್ಲ. ನೀನು ಬರೆದ ಅದೇ ವಚನ ಕೊನೆಯಲ್ಲಿ ಒಳಗಿನ ಶುದ್ಧಿ, ಹೊರಗಿನ ಶುದ್ಧಿ ಎರಡನ್ನೂ ಕೇಳುತ್ತದೆ. ಕ್ಯಾಮೆರಾ ಕಾಯುವುದು ಎರಡನೆಯದನ್ನು ಮಾತ್ರ. ಮೊದಲನೆಯದಕ್ಕೆ ಯಾರೂ ಅಂಕ ಕೊಡುವುದಿಲ್ಲ, ಕೊಡಬಾರದು ಕೂಡ. ಅವಳಿಗೆ ಪೂರ್ತಿ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಇನ್ನೊಂದು ಮಾತು ಬಾಗೇವಾಡಿಯ ಮಕ್ಕಳಿಗೇ: ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತು ಎಂದು ಬರೆದು ನಿಲ್ಲಿಸಬೇಡಿ. ಸಂಸತ್ತಿಗೆ ಚುನಾವಣೆ ಇದೆ, ಬಜೆಟ್ ಇದೆ, ಕಾಯಿದೆ ಮಾಡುವ ಅಧಿಕಾರ ಇದೆ. ಮಂಟಪಕ್ಕೆ ಇವು ಇರಲಿಲ್ಲ. ಸಮಗಾರ, ಅಂಬಿಗ, ಸೂಳೆಯೆಂದು ಕರೆಸಿಕೊಂಡವಳು ಎಲ್ಲರೂ ಸಮನಾಗಿ ಕೂತು ಮಾತಾಡುವ ಹಕ್ಕಿತ್ತು ಎಂಬುದು ಅದರ ದೊಡ್ಡಸ್ತಿಕೆ. ಹೋಲಿಕೆ ಬರೆದರೆ ಅದು ಮರೆಯಾಗುತ್ತದೆ.

ಒಂದು ಪ್ರಶ್ನೆಗೆ ಮಾತ್ರ ನಾನು "ನಿಮ್ಮೂರಿಗೆ ಹಚ್ಚಿ ನೋಡು" ಎನ್ನಲಿಲ್ಲ. ಕಾನೂನಿಗೂ ನೀತಿಗೂ ಇರುವ ವ್ಯತ್ಯಾಸ ಬರೆಯಿರಿ ಎಂಬ ಹೋಮ್‌ವರ್ಕಿನ ಕೆಳಗೆ ಒಬ್ಬಳು ಕೇಳಿದ್ದಳು, ಗೆಳತಿಯ ಮದುವೆ ಗೊತ್ತಾಗಿದೆ, ಅವಳಿಗೆ ಇನ್ನೂ ಹದಿನಾರು, ಹೇಳಿದರೆ ದ್ರೋಹವಾಗುತ್ತದೆಯೇ. ಯಾವ ತಾಲ್ಲೂಕು ಎಂದು ಬರೆಯುವುದಿಲ್ಲ. ಆಗ ನೀತಿಶಾಸ್ತ್ರ ಮಾತಾಡಲು ನನಗೆ ಮನಸ್ಸಾಗಲಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡು, ದುಡ್ಡು ಹೋಗುವುದಿಲ್ಲ, ರಾತ್ರಿಯೂ ಎತ್ತುತ್ತಾರೆ, ನಿನ್ನ ಹೆಸರು ಗುಟ್ಟಾಗಿರುತ್ತದೆ. ಇಲ್ಲವೇ ತಾಲ್ಲೂಕಿನ ಸಿಡಿಪಿಒ ಕಚೇರಿಗೆ ತಿಳಿಸು, ಅಲ್ಲಿಗೆ ಹೋಗಲು ಭಯವಾದರೆ ನಿನಗೆ ನಂಬಿಕೆಯಿರುವ ಮೇಡಂಗೆ ಹೇಳು ಎಂದು ಬರೆದೆ. ದ್ರೋಹದ ಪ್ರಶ್ನೆಯನ್ನು ಗೆಳತಿಗೆ ಹದಿನೆಂಟು ತುಂಬಿದ ಮೇಲೆ ಇಬ್ಬರೂ ಕೂತು ಬಗೆಹರಿಸಿಕೊಳ್ಳಲಿ.

ಇಷ್ಟೆಲ್ಲ ಓದಿದ ಮೇಲೆ ಮಕ್ಕಳು ಕೇಳುವುದು ಒಂದೇ: ಪರೀಕ್ಷೆಯಲ್ಲಿ ಏನು ಬರೆಯಬೇಕು? ಪುಸ್ತಕದಲ್ಲಿರುವುದನ್ನು. ಮೊದಲು ಅದನ್ನು ಬರೆಯಿರಿ. ಎಂಬತ್ತು ಅಂಕದ ಪತ್ರಿಕೆಯಲ್ಲಿ ಸಾಹಸ ಬೇಡ. ಕೆಳಗೆ ಜಾಗವಿದ್ದರೆ ನಿಮ್ಮೂರಿನ ಉದಾಹರಣೆ ಒಂದು ಸಾಲು ಹಾಕಿ, ಮೌಲ್ಯಮಾಪಕರು ಅದಕ್ಕೆ ಅಂಕ ಕಡಿಯಲಾರರು. ಉಳಿದ ಇಪ್ಪತ್ತು ಆಂತರಿಕ ಅಂಕ ಮೇಷ್ಟ್ರುಗಳ ಕೈಯಲ್ಲಿದೆ, ಈ ಮಾತು ಅವರಿಗೆ. ಚಾರ್ಟಿನ ಮೇಲೆ ಸಂಸತ್ ಭವನ ಅಂಟಿಸಿಕೊಂಡು ಬರುವ ಪ್ರಾಜೆಕ್ಟುಗಳನ್ನು ಒಂದು ವರ್ಷ ನಿಲ್ಲಿಸಿ ನೋಡಿ. ನವೆಂಬರಿನಲ್ಲಿ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಎಷ್ಟೋ ಕಡೆ ಅದು ಬಾಳೆಹಣ್ಣು, ಬಿಸ್ಕಿಟ್ ಹಂಚಿ ಫೋಟೊ ತೆಗೆಸಿಕೊಳ್ಳುವುದಕ್ಕೆ ಮುಗಿಯುತ್ತದೆ. ಈ ಸಲ ಮಕ್ಕಳು ನೋಟ್‌ಬುಕ್ ಹಿಡಿದು ಹೋಗಲಿ: ಸಭೆಯ ತಿಳುವಳಿಕೆ ಎಷ್ಟು ದಿನ ಮೊದಲು ಬಂತು, ಎಷ್ಟು ಹುಡುಗಿಯರು ಬಂದಿದ್ದರು, ಎಷ್ಟು ಜನ ಬಾಯಿ ಬಿಟ್ಟರು, ಹಿಂದಿನ ವರ್ಷ ಕೇಳಿದ ಶೌಚಾಲಯ ಆಯಿತೋ ಇಲ್ಲವೋ, ಆಗದಿದ್ದರೆ ಪಿಡಿಒ ಏನೆಂದರು. ಬರೆದದ್ದನ್ನು ಒಂದು ಪ್ರತಿ ನನಗೂ ಕಳಿಸಿ. ಡಿಸೆಂಬರಿನ ಅಂಕಣಗಳಿಗೆ ನಾಲ್ಕೂ ತಾಲ್ಲೂಕಿನಿಂದ ಒಂದೊಂದನ್ನು ಆರಿಸಿಕೊಳ್ಳುತ್ತೇನೆ.